ಪಂಚಮಿಯ ತನಕ ನಡೆದ ನಮ್ಮ ಅಂಗಡಿ ಸಾಲಿ

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟುಕೊಂಡಿರುವ ನಾನು, ಈ ಜೂನ್ ತಿಂಗಳಲ್ಲಿ ನನ್ನ ಇಬ್ಬರು ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವುದೆಂದು ತೀರ್ಮಾನಿಸಿದೆ. ಕಾರಣ ಎರಡು. ಒಂದು, ಮಗಳು ಕಾವ್ಯಾಳ ಹಳೆಯ ಡೈರಿಯಲ್ಲಿ ಟೀಚರ್ ಬರೆದಿದ್ದ ಸಾಲು: ‘ನಿಮ್ಮ ಮಗಳು ತರಗತಿಯಲ್ಲಿ ಬಹಳ ಪ್ರಶ್ನೆ ಕೇಳುತ್ತಾಳೆ.’ ಪ್ರಶ್ನೆ ಕೇಳುವುದು ತಪ್ಪೇ? ನನ್ನ ರಕ್ತ ಕುದಿಯಿತು. ಎರಡನೆಯದು, ಮೊಬೈಲಿನಲ್ಲಿ ಕಂಡ ನಾಲ್ಕು ನಿಮಿಷದ ವಿಡಿಯೊ. ಅದರಲ್ಲಿ ಒಬ್ಬ ಅಪ್ಪ ಮರದ ಕೆಳಗೆ ಕುಳಿತು ಮಕ್ಕಳಿಗೆ ಪಾಠ ಹೇಳುತ್ತಿದ್ದ. ಮಕ್ಕಳು ನಗುತ್ತಿದ್ದರು, ಅಪ್ಪನೂ ನಗುತ್ತಿದ್ದ. ಇಷ್ಟೇ ತಾನೆ!

ಹೆಂಡತಿ ಗಿರಿಜಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ಎಸ್ಸೆಸ್ಸೆಲ್ಸಿ ಗಣಿತ ನೀವು ಎಷ್ಟು ಸಲ ಬರದ್ರಿ?”

“ಮೂರು ಸಲ. ಅದಕ್ಕ ಹೇಳಾಕತ್ತೇನಿ, ನನಗ ಅನುಭವ ಜಾಸ್ತಿ ಐತಿ.”

ಅವಳು ನಗಲಿಲ್ಲ. ಒಂದು ಷರತ್ತು ಹಾಕಿದಳು. “ಪಂಚಮಿ ಹಬ್ಬದ ತನಕ ಟೈಮ್ ಕೊಡತೇನಿ. ಅಷ್ಟ್ರಾಗ ಹೊರಗಿನವರು ಒಬ್ಬರಾದ್ರೂ ತಾವಾಗೇ, ಈ ಹುಡುಗ್ರಿಗೆ ಅಪ್ಪ ಏನೋ ಕಲಿಸ್ಯಾನ ಅನ್ನಬೇಕು. ಅನ್ನಲಿಲ್ಲಂದ್ರ ಮರುದಿನ ಸಾಲಿಗೆ ಹೋಗ್ಲಿ.”

ಶಾಲೆಯ ಹೆಡ್‌ಮೇಡಂ ಕೂಡ ವಾದ ಮಾಡಲಿಲ್ಲ. “ಹೆಸರು ಹಾಜರಿ ಪುಸ್ತಕದಾಗ ಇರ್ಲಿ ಬಿಡ್ರಿ, ಹುಡುಗ್ರು ಎಲ್ಲಿ ಹೋಗತಾವು” ಎಂದು ಶಾಂತವಾಗಿ ನಕ್ಕರು. ಇಂಥ ಅಪ್ಪಂದಿರನ್ನು ಅವರು ಬಹಳ ಕಂಡಿದ್ದರೆಂದು ಈಗ ತಿಳಿಯುತ್ತದೆ. ಆಗ ತಿಳಿಯಲಿಲ್ಲ.

ಮನೆಯ ಮುಂಭಾಗವೇ ಅಂಗಡಿಯಾದ್ದರಿಂದ ಅಂಗಡಿಯೇ ಶಾಲೆಯಾಯಿತು. ಹಳೆಯ ತಕ್ಕಡಿಯ ಕಿಲೋ ಕಲ್ಲನ್ನು ತಗಡಿಗೆ ಬಡಿದು ಗಂಟೆ ಬಾರಿಸಿದೆ. ಪ್ರಾರ್ಥನೆ ಆಯಿತು. ಹಾಜರಿ ಕರೆದೆ. ಒಟ್ಟು ವಿದ್ಯಾರ್ಥಿಗಳು ಇಬ್ಬರು, ಹಾಜರಿದ್ದವರು ಒಬ್ಬರು! ಮೂರನೇ ಇಯತ್ತೆಯ ಮಗ ಪವನ ಮೆಕ್ಕೆಜೋಳದ ಬೀಜದ ಚೀಲಗಳ ಹಿಂದೆ ಬೆಕ್ಕಿನ ಮರಿಯ ಜೊತೆ ಸಿಕ್ಕ.

ಮೊದಲ ವಾರ ಚೆನ್ನಾಗಿಯೇ ಹೋಯಿತು, ಯಾಕೆಂದರೆ ವೇಳಾಪಟ್ಟಿ ಬರೆಯುವುದರಲ್ಲೇ ವಾರ ಕಳೆಯಿತು. ಎರಡನೇ ವಾರ ಕಾವ್ಯಾ ಭಿನ್ನರಾಶಿಯ ಭಾಗಾಕಾರ ತೆಗೆದಳು. ನನಗೆ ಒಂದು ಮಾತು ಮಾತ್ರ ನೆನಪಿತ್ತು.

“ಎರಡನೇದ್ದನ್ನ ತಿರುವಿ ಹಾಕಿ ಗುಣಸು” ಎಂದೆ.

“ಯಾಕ ತಿರುವಿ ಹಾಕಬೇಕಪ್ಪಾ?”

“ಹಂಗ ಮಾಡತಾರ.”

“ಯಾರು ಮಾಡತಾರ? ಮೊದಲನೇದ್ದು ಯಾಕ ತಿರುವಬಾರದು? ಎರಡೂ ತಿರುವಿದ್ರ ಏನಾಗತೈತಿ?”

ಗಿರಾಕಿ ಬಂದರೆಂದು ಎದ್ದುಹೋದೆ. ಗಿರಾಕಿ ಬಂದಿರಲಿಲ್ಲ. ತಿರುಗಿ ಬಂದಾಗ ಅವಳು ಇನ್ನೂ ಆರು ಪ್ರಶ್ನೆ ಬರೆದಿಟ್ಟುಕೊಂಡಿದ್ದಳು. ಸಂಜೆ ಹೊತ್ತಿಗೆ ನನ್ನ ತಲೆ ಚಿಟ್ಟು ಹಿಡಿದು, ಅವಳ ಡೈರಿ ತೆಗೆದು ಕೆಂಪು ಪೆನ್ನಿನಲ್ಲಿ ಬರೆದೆ: ‘ಪಾಲಕರ ಗಮನಕ್ಕೆ. ನಿಮ್ಮ ಮಗಳು ತರಗತಿಯಲ್ಲಿ ಬಹಳ ಪ್ರಶ್ನೆ ಕೇಳುತ್ತಾಳೆ.’ ಗಿರಿಜಾ ಅದನ್ನು ಓದಿದಳು. ಪಾಲಕರ ಸಹಿ ಎಂಬಲ್ಲಿ ನೀಟಾಗಿ ಸಹಿ ಮಾಡಿದಳು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು!

ಗಣಿತ ಬೇಡ, ಇಂಗ್ಲಿಷ್ ಹಿಡಿಯೋಣ ಎಂದುಕೊಂಡೆ. ವಿಡಿಯೊದಲ್ಲಿ ಒಂದು ಉಪಾಯ ಹೇಳಿದ್ದರು: ಕಣ್ಣಿಗೆ ಬಿದ್ದ ವಸ್ತುವಿಗೆಲ್ಲ ಅದರ ಇಂಗ್ಲಿಷ್ ಹೆಸರಿನ ಚೀಟಿ ಅಂಟಿಸಬೇಕು, ಮಕ್ಕಳು ನೋಡನೋಡುತ್ತ ಕಲಿಯುತ್ತಾರೆ. ಪವನನಿಗೆ ಅಂಟಿನ ಡಬ್ಬಿ ಕೊಟ್ಟೆ. ಎರಡು ದಿನದಲ್ಲಿ ಬಾಗಿಲಿಗೆ ಡೋರ್ ಬಂತು, ಕುರ್ಚಿಗೆ ಚೇರ್ ಬಂತು, ಬೆಕ್ಕಿನ ಮರಿಗೂ ಕ್ಯಾಟ್ ಬಂತು. ಕಾಗದ ಸಾಲದೆ ಅವನು ಅಂಗಡಿಯ ಹಳೆಯ ಚೀಟಿಗಳನ್ನೇ ಕಿತ್ತು ಹಿಂದೆ ಬರೆದು ಅಂಟಿಸುತ್ತಿದ್ದ. ಎಂಥ ಮಿತವ್ಯಯ! ಉಳ್ಳಾಗಡ್ಡಿ ಬೀಜದ ಎರಡು ತಗಡಿನ ಡಬ್ಬಿಗಳ ಮೇಲೆ ಅವನು ಬರೆದದ್ದು ‘ಟಿನ್’ ಮತ್ತು ‘ಟಿನ್’. ಎರಡೂ ಸರಿಯಾಗಿದ್ದವು. ಹತ್ತಕ್ಕೆ ಹತ್ತು ಅಂಕ ಕೊಟ್ಟೆ.

ವಿಜ್ಞಾನವೊಂದು ಉಳಿದಿತ್ತು. ಒಂದು ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಾಗಿ ಕಣ್ಣು ಎಳೆಯುತ್ತಿತ್ತು. ಎಳ್ಳಿನಷ್ಟೇ ಸಣ್ಣದಾದ ಉಳ್ಳಾಗಡ್ಡಿ ಬೀಜ ನೆನಪಾಯಿತು.

“ಕಾವ್ಯಾ, ಆ ಎರಡು ಡಬ್ಬ್ಯಾಗಿಂದು ನೂರು ನೂರು ಬೀಜಾ ಎಣಸು. ಒಂದೂ ತಪ್ಪಬಾರದು” ಎಂದು ಹೇಳಿ ಚೀಲಕ್ಕೆ ಒರಗಿದೆ. ಎದ್ದಾಗ ಚಹಾದ ಹೊತ್ತಾಗಿತ್ತು. ಮಗಳು ಹಸಿ ಗೋಣಿಯ ತುಂಡು ಹಿಡಿದು ಏನೋ ಮಾಡುತ್ತಿದ್ದಳು. ಪ್ರಶ್ನೆ ಕೇಳಲಿಲ್ಲವಲ್ಲ, ಅಷ್ಟೇ ಸಾಕೆಂದು ಸುಮ್ಮನಾದೆ.

ಪಂಚಮಿಗೆ ಮೂರು ದಿನ ಉಳಿದಿತ್ತು. ಅಲ್ಲಿಯವರೆಗೆ ಹೊರಗಿನವರು ಯಾರೂ ಏನೂ ಅಂದಿರಲಿಲ್ಲ. ಅಂದು ಐರಣಿ ಹಳ್ಳಿಯಿಂದ ಇಮಾಮ್‌ಸಾಬ್ ಕಾಕಾ ಬಂದರು. ನಮ್ಮಪ್ಪನ ಕಾಲದಿಂದಲೂ ನಮ್ಮಲ್ಲೇ ಬೀಜ ಒಯ್ಯುವವರು.

“ಈ ಸಲ ಬಿತ್ತಿಗಿ ತಡಾ ಆತು. ಉಳ್ಳಾಗಡ್ಡಿ ಬೀಜಾ ಕೊಡೋ ತಮ್ಮಾ. ಚಲೋ ಐತಿಲ್ಲ?”

“ಕಣ್ಣು ಮುಚ್ಚಿ ಬಿತ್ತರಿ ಕಾಕಾ” ಎಂದೆ. ಇದು ನಮ್ಮಪ್ಪ ಹೇಳುತ್ತಿದ್ದ ಮಾತು. ಹತ್ತಿರವಿದ್ದ ಡಬ್ಬಿಯನ್ನು ತಕ್ಕಡಿಗೆ ಸುರಿಯತೊಡಗಿದೆ.

“ಅಪ್ಪಾ, ಅದರಾಗಿಂದು ಕೊಡಬ್ಯಾಡ!”

ಕಾವ್ಯಾ ಎರಡು ಗೋಣಿ ಸುರುಳಿ ತಂದು ಕಾಕಾನ ಮುಂದೆಯೇ ಬಿಚ್ಚಿದಳು. ಒಂದಕ್ಕೆ ಕೆಂಪು ದಾರ, ಒಂದಕ್ಕೆ ನೀಲಿ ದಾರ. ಡಬ್ಬಿಗಳ ಹಿಡಿಕೆಗೂ ಅದೇ ದಾರ ಕಟ್ಟಿದ್ದಳು. ನನ್ನ ಕೈಯಲ್ಲಿದ್ದದ್ದು ಕೆಂಪು.

“ಹನ್ನೆರಡು ದಿನಾ ನೀರು ಚಿಮುಕಿಸೇನಿ ಕಾಕಾ. ನೀಲಿದು ನೂರಕ್ಕ ಎಂಬತ್ತೇಳು ಹುಟ್ಯಾವು. ಕೆಂಪದು ಹತ್ತೊಂಬತ್ತ.”

ಆಗ ನನಗೆ ಹೊಳೆಯಿತು. ಹೋದ ವರ್ಷ ಉಳಿದ ಬೀಜವನ್ನು ಎಸೆಯಬೇಕೆಂದು ಒಂದು ಡಬ್ಬಿಯಲ್ಲಿ ಹಾಕಿ ‘ಹಳೇದು’ ಎಂದು ಚೀಟಿ ಅಂಟಿಸಿದ್ದೆ. ಉಳ್ಳಾಗಡ್ಡಿ ಬೀಜ ವರ್ಷ ದಾಟಿದರೆ ಸರಿಯಾಗಿ ಹುಟ್ಟುವುದಿಲ್ಲವೆಂದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಡಬ್ಬಿ ನೋಡಿದೆ: ಟಿನ್. ಇನ್ನೊಂದು ನೋಡಿದೆ: ಟಿನ್. ‘ಹಳೇದು’ ಎಲ್ಲಿ? ತಿರುಗಿದರೆ, ಗೋಡೆಯ ಮೇಲೆ ವಾಲ್ ಎಂದು ಬರೆದ ಚೀಟಿಯ ಮೂಲೆ ಎದ್ದು, ಅದರ ಹಿಂದಿನಿಂದ ನನ್ನದೇ ಅಕ್ಷರ ಇಣುಕುತ್ತಿತ್ತು.

ತಕ್ಕಡಿಗೆ ಸುರಿದ ಬೀಜವನ್ನೆಲ್ಲ ತಿರುಗಿ ಕೆಂಪು ದಾರದ ಡಬ್ಬಿಗೆ ಹಾಕಿದೆ. ಕಾಕಾ ಆ ಬೀಜ ಬಿತ್ತಿದ್ದರೆ ಅವರ ಹೊಲ ಬರಿದಾಗುತ್ತಿತ್ತು, ನಮ್ಮಪ್ಪ ಗಳಿಸಿದ ಹೆಸರು ಅದೇ ಹೊಲದಲ್ಲಿ ಮಣ್ಣಾಗುತ್ತಿತ್ತು. ನಾಚಿಕೆಯಿಂದ ತಲೆ ತಗ್ಗಿಸಿ, “ತಪ್ಪಾತ್ರಿ ಕಾಕಾ” ಎಂದೆ.

ಕಾಕಾ ಮೊಳಕೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ, ಗಡ್ಡ ಸವರಿಕೊಂಡು ನಕ್ಕರು. “ನಿಮ್ಮಪ್ಪನ ಕಾಲದಾಗೂ ನನಗ ಇಷ್ಟು ತೋರಿಸಿ ಯಾರೂ ಬೀಜಾ ಕೊಟ್ಟಿದ್ದಿಲ್ಲ. ಹುಡುಗಿ ಭಾಳ ಶಾಣ್ಯಾ ಅದಾಳ. ಅಲ್ಲವ್ವಾ, ಇದನ್ನ ನಿನಗ ಯಾರು ಕಲಿಸಿದ್ರು?”

ನಾನು ತಲೆ ಎತ್ತಿದೆ. ಹೊರಗಿನವರು! ತಾವಾಗೇ! ಪಂಚಮಿಗೆ ಮೊದಲೇ! ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಿರಿಜಾಳ ಕಡೆ ನೋಡಿ ಕಾಲರ್ ಸರಿಮಾಡಿಕೊಂಡೆ.

“ನಮ್ಮ ಸಾಲಿ ಟೀಚರ್ರಿ ಕಾಕಾ” ಎಂದಳು ಮಗಳು. “ಹೋದ ವರ್ಷ ಹೆಸರುಕಾಳು ಇಡಿಸಿ ಕಲಿಸಿದ್ರು.”

“ಮತ್ತ ನಿಮ್ಮಪ್ಪ?”

“ಅಪ್ಪ ನೂರು ಎಣಸು ಅಂತ ಹೇಳಿ ಮಕ್ಕೊಂಡಿದ್ರು.”

ಗಿರಿಜಾ ನನ್ನ ಕೈಗೆ ಚಹಾ ಕೊಟ್ಟಳು. ಅದನ್ನು ಕಾಕಾನ ಕೈಗೆ ದಾಟಿಸಿ, ನೀಲಿ ದಾರದ ಡಬ್ಬಿ ಎತ್ತಿಕೊಂಡೆ.

ಪಂಚಮಿಯ ಮರುದಿನ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದೆ. ಹೆಡ್‌ಮೇಡಂ ಆಗಲೂ ಶಾಂತವಾಗಿ ನಕ್ಕರು. ಎರಡೂ ಡಬ್ಬಿಗಳ ಮೇಲೆ ಈಗ ಕಾವ್ಯಾಳ ಅಕ್ಷರದ ಚೀಟಿ ಇದೆ. ಹಳೆಯ ಬೀಜ ಎಸೆಯೋಣವೆಂದರೆ ಅವಳು ಬಿಡುವುದಿಲ್ಲ, ಇನ್ನೊಂದು ಸಲ ನೂರು ಇಟ್ಟು ನೋಡಬೇಕಂತೆ. ಐರಣಿಯಲ್ಲಿ ಕಾಕಾ ಏನು ಹೇಳಿದರೋ ಗೊತ್ತಿಲ್ಲ, ಬೀಜಕ್ಕೆ ಬಂದ ರೈತರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ನನ್ನನ್ನು ದಾಟಿ ಒಳಗೆ ಇಣುಕುತ್ತಾರೆ.

“ಸಣ್ಣಕ್ಕಾರು ಇಲ್ಲೇನ್ರಿ?”

“ಸಾಲಿಗೆ ಹೋಗ್ಯಾಳ್ರಿ. ನಾಲ್ಕೂವರಿಗೆ ಬರತಾಳ.”

“ಹಂಗಾರ ಕುಂದರತೇವಿ ಬಿಡ್ರಿ” ಎಂದು ಅವರು ಬೆಂಚಿನ ಮೇಲೆ ಕೂರುತ್ತಾರೆ. ಮಾಲೀಕನಾದ ನಾನು ಎದ್ದು ಅವರಿಗೆಲ್ಲ ಚಹಾ ತರುತ್ತೇನೆ.