ಟೋನಿಯ ಮುಸುಕು

ಗಸ್ಸಾನನನ್ನು ಹಾಳು ಮಾಡಿದ್ದು ಒಂದು ಕರಿ ಉಣ್ಣೆಯ ಮುಸುಕು. ವಿದೇಶಿ ಸೈನ್ಯದ ದುಭಾಷಿಯಾಗಿ ಬಾಗ್ದಾದಿನ ಬೀದಿ ಸುತ್ತುವಾಗ, ಗುರುತಿನವರ ಕಣ್ಣಿಗೆ ಬೀಳಬಾರದೆಂದು ಅದನ್ನು ಗದ್ದದವರೆಗೆ ಎಳೆದುಕೊಳ್ಳುತ್ತಿದ್ದ. ಸೈನಿಕರು ಅವನಿಗೆ ಟೋನಿ ಎಂದು ಹೆಸರಿಟ್ಟರು, ಕಾಗದಪತ್ರದಲ್ಲೂ ಅದೇ. ಗಲ್ಲಿಯವರಿಗೆ ಅವನು ಫ್ರಿಜ್ ರಿಪೇರಿಯವನು.

ಸೈನ್ಯ ಗಂಟುಮೂಟೆ ಕಟ್ಟಿದ ಮೇಲೆ ಯಾರೋ ಅವನ ಹೊಸ್ತಿಲ ಮೇಲೆ ಬಂದೂಕಿನ ಗುಂಡೊಂದನ್ನು ಇಟ್ಟುಹೋದರು. 'ನಮಗಾಗಿ ದುಡಿದವರಿಗೆ ವಿಶೇಷ ವೀಸಾ' ಎಂದು ಸೈನ್ಯದವರು ಹೇಳಿದ್ದರಲ್ಲ, ಅರ್ಜಿ ಹಾಕಿದ. ಅವನನ್ನು ದುಡಿಸಿಕೊಂಡಿದ್ದ ಕ್ಯಾಪ್ಟನ್ ಡಾಲ್ಟನ್ ಗೊತ್ತಾದ ದಿನ ವಿಡಿಯೊ ಕರೆಯಲ್ಲಿ 'ಇವನೇ ಟೋನಿ' ಎಂದರೆ ಜೀವ ಉಳಿದಂತೆ.

ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಯಿತು. ಗಸ್ಸಾನ್ ಗಲ್ಲಿಯ ಜನರೇಟರ್ ನಡೆಸುವ ಅಬು ನಿಬ್ರಾಸನ ಶೆಡ್ಡಿಗೆ ಓಡಿದ; ಇಂಟರ್ನೆಟ್ ಉಳಿದಿದ್ದದ್ದು ಅಲ್ಲಿ ಮಾತ್ರ.

"ಬಾ ಕಣ್ಮಣಿ, ಟೀ ಕುಡಿ!"

"ಟೀ ಆಮೇಲೆ. ಫೋನಲ್ಲಿ ಮಾತಾಡ್ಬೇಕು, ಒಂಚೂರು ಹೊರಗಿರು."

"ಗುಟ್ಟಾ? ಹುಡುಗಿ ನೋಡ್ತಿದೀಯಾ?" ಎನ್ನುತ್ತ ಅಬು ನಿಬ್ರಾಸ್ ಕಿವಿಯನ್ನು ಒಳಗೇ ಬಿಟ್ಟು ಹೊರಗೆ ಹೋದ.

ಕ್ಯಾಪ್ಟನ್ ತನ್ನ ಭಾಷೆಯಲ್ಲಿ ಕೇಳಿದ: "ಯಾರಯ್ಯಾ ನೀನು?"

"ನಾನೇ ಸಾರ್, ಟೋನಿ!"

"ದನಿ ಅವಂದೇ. ಆದ್ರೆ ನಾನು ನಿನ್ನ ಮುಖ ಯಾವತ್ತು ನೋಡಿದೀನಿ? ಮುಸುಕು ಹಾಕು."

ಗಸ್ಸಾನ್ ಜೇಬಿನಿಂದ ತೆಗೆದು ಹಾಕಿಕೊಂಡ. ಅಷ್ಟರಲ್ಲಿ ಊಟ ತಂದ ಅಬು ನಿಬ್ರಾಸನ ಹೆಂಡತಿ ಉಮ್ಮ್ ನಿಬ್ರಾಸ್ ಒಳಗೆ ಇಣುಕಿದಳು.

"ಅಯ್ಯಯ್ಯೋ, ಮುಸುಕಿನವನು! ನನ್ನ ಗಂಡನ್ನ ಹೊತ್ಕೊಂಡು ಹೋಗೋಕೆ ಬಂದಿದಾನೆ!"

ಬೆಂಡೆಕಾಯಿ ಸಾರಿನ ಪಾತ್ರೆ ಅವನ ತಲೆಗೆ ಟೋಪಿಯಾಯಿತು. ಗಲ್ಲಿಗೆ ಗಲ್ಲಿಯೇ ನುಗ್ಗಿ ಅವನ ಮೇಲೆ ಹಾಸಿಗೆಗಳಂತೆ ಪೇರಿಸಿಕೊಂಡಿತು. ಅಬು ನಿಬ್ರಾಸ್ ಮುಸುಕು ಕಿತ್ತ.

"ಥೂ, ಇವ್ನು ನಮ್ಮ ಫ್ರಿಜ್ ಗಸ್ಸಾನ್ ಕಣ್ರೋ!" ಎಂದವನೇ, ಸಾರು ಸುರಿಯುವ ಆ ಮುಸುಕನ್ನು ತಾನೇ ಹಾಕಿಕೊಂಡು ಫೋನಿನಲ್ಲಿ ಅಂದ ನೋಡಿಕೊಂಡ. "ಹೆಂಗಿದೀನಿ?"

ಜನರಾಶಿಯ ಅಡಿಯಿಂದ ಗಸ್ಸಾನ್ ವಿದೇಶಿ ಭಾಷೆಯಲ್ಲಿ ಅರಚಿದ: "ಸಾರ್, ನಾನೇ ಟೋನಿ! ಕೋಳಿಗೆ ಹೆದರಿ ನೀವು ಟ್ರಕ್ಕಿನಡಿ ಅವಿತದ್ದು ನಮ್ಮಿಬ್ಬರಿಗಷ್ಟೇ ಗೊತ್ತು!"

ಪರದೆಯಲ್ಲಿ ಮುಸುಕು, ಫೋನಿನಲ್ಲಿ ಟೋನಿಯ ದನಿ. ಕ್ಯಾಪ್ಟನ್ ಬಿದ್ದುಬಿದ್ದು ನಕ್ಕ. "ನೀನೇ ಕಣಯ್ಯಾ!"

ಸೆಕೆ ತಾಳಲಾರದೆ ಅಬು ನಿಬ್ರಾಸ್ ಮುಸುಕು ತೆಗೆದು ಬಂಗಾರದ ಹಲ್ಲು ಕಿರಿದ. "ಅಂತೂ ನಿನ್ನ ಮುಖ ನೋಡಿದೆ, ಟೋನಿ!" ಎಂದು ಕ್ಯಾಪ್ಟನ್ ಚಿತ್ರ ಹಿಡಿದುಕೊಂಡ. ನೋಡಿಕೊಳ್ಳುವವರಿಲ್ಲದ ಜನರೇಟರ್ ಕೆಮ್ಮಿ ಸತ್ತಿತು. ಕರೆಯೂ ಸತ್ತಿತು.

ವೀಸಾ ಕಚೇರಿಯವರು ಆಮೇಲೆ ಗಸ್ಸಾನನಿಗೆ ಹೇಳಿದ್ದಿಷ್ಟು: "ಟೋನಿಯ ಮುಖ ದಾಖಲಾಗಿದೆ. ನೀವ್ಯಾರು?" ದುಡಿಸಿಕೊಳ್ಳುವಾಗ ಅವರಿಗೆ ಬೇಕಿದ್ದದ್ದು ಅವನ ನಾಲಿಗೆ. ಆ ನಾಲಿಗೆಗೊಂದು ಕುತ್ತಿಗೆಯೂ ಇದೆಯೆಂದು ಯಾರೂ ವಿಚಾರಿಸಿರಲಿಲ್ಲ.

ಈಗ ಜನರೇಟರ್ ನಡೆಸುವವನು ಗಸ್ಸಾನ್. ನಿನ್ನೆ ವಿದೇಶದಿಂದ ಫೋನು ಬಂತು.

"ಟೋನಿಯ ವೀಸಾ ಅಂತ ಕರೆದ್ರು, ಬಂದೆ. ನಾನೇನ್ ಮಾಡ್ಲಿ ಕಣ್ಮಣಿ?" ಎಂದ ಅಬು ನಿಬ್ರಾಸ್.

"ನನ್ನ ಕೆಲಸ ಏನಿತ್ತು ಅಂತ ಇಲ್ಲಿ ಗಲ್ಲಿಗೆಲ್ಲ ಗೊತ್ತಾಗ್ಹೋಗಿದೆ. ಆ ಮುಸುಕಾದ್ರೂ ಕಳಿಸು ಮಾರಾಯ, ತಲೆ ಮರೆಸ್ಕೋತೀನಿ."

"ಅದೊಂದು ಕೇಳ್ಬೇಡ. ನಾಳೆ ಕ್ಯಾಪ್ಟನ್ ಊಟಕ್ಕೆ ಬರ್ತಿದಾನೆ, ಅವನ ಭಾಷೆ ನಂಗೆಲ್ಲಿ ಬರುತ್ತೆ? ನಾನು ಮುಸುಕು ಹಾಕಿ ಕೂತ್ಕೋತೀನಿ, ನೀನು ಫೋನಲ್ಲಿ ಮಾತಾಡು!"