ಎಂಜಲಿನಲ್ಲಿ ಸಿಕ್ಕಿದ ಅಣ್ಣ

ದಿನಕರನ ಆ ದಿನದ ಕಷ್ಟಕ್ಕೆಲ್ಲ ಮೂಲ ಒಂದು ಚಮಚ ಎಂಜಲು. ಅದೂ ಬೇರೆಯವರದಲ್ಲ, ಅವನದೇ.

ಮಳೆಗಾಲ ಶುರುವಾಗುವ ಮೊದಲು ಮಗಳು ಕ್ಷಮಾ ಒಂದು ಪ್ಲಾಸ್ಟಿಕ್ ಕೊಳವೆಯನ್ನು ಅವನ ಬಾಯಿಯ ಹತ್ತಿರ ಹಿಡಿದು, "ಅಪ್ಪಯ್ಯ, ಇದ್ರೊಳ್ಗೆ ತುಪ್ಪಿ" ಎಂದಿದ್ದಳು. ಕಾಲೇಜಿನಲ್ಲಿ ಅವಳು ಓದುತ್ತಿದ್ದದ್ದು ಅಪರಾಧ ಪತ್ತೆಯ ವಿಜ್ಞಾನ. ಮಗಳು ತನ್ನನ್ನೇ ಮೊದಲ ಆರೋಪಿ ಮಾಡಿದಳೇನೋ ಎಂದು ದಿನಕರ ಗಾಬರಿಯಾದ.

"ಎಂತಕ್ಕೆ ಮಗಾ?"

"ಎಂಜಲಲ್ಲಿ ನಮ್ಮ ವಂಶದ ಗುರ್ತ್ ಇರತ್ತ್. ಅದನ್ನ ಕಂಪ್ಯೂಟರಿಗೆ ಹಾಕಿರೆ, ಲೋಕದಲ್ಲಿ ನಮ್ಮ ರಕ್ತದವ್ರ್ ಯಾರಿದ್ರೂ ಹೊಂದಿ ಬತ್ತ್." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಹೆಸ್ರಿಲ್ದೆ ಸತ್ತವ್ರದ್ದೂ ಅದ್ರಲ್ಲಿ ಹಾಕಿರ್ತ್ರ್."

ದಿನಕರ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿದು, ಬಾವಿಕಟ್ಟೆಗೆ ಹೋಗಿ ಬಾಯಿ ಮುಕ್ಕಳಿಸಿ, ಮಗಳು ಹೇಳಿದಷ್ಟು ಹೊತ್ತು ಕಾದು, ಸೂರ್ಯನಿಗೆ ಅರ್ಘ್ಯ ಬಿಡುವಷ್ಟು ಭಕ್ತಿಯಿಂದ ಆ ಕೊಳವೆಗೆ ಉಗುಳಿದ.

ಅವನ ಅಣ್ಣ ಸೂರ್ಯನಾರಾಯಣ ಊರವರ ಬಾಯಲ್ಲಿ ಬರೀ ಸೂರ. ಒಬ್ಬ ಸೂರ್ಯನಾರಾಯಣ, ಇನ್ನೊಬ್ಬ ದಿನಕರ. ಎರಡೂ ಸೂರ್ಯನ ಹೆಸರೇ. ದೇವಸ್ಥಾನದ ಪರಿಚಾರಕರಾಗಿದ್ದ ಅಪ್ಪನಿಗೆ ಆಕಾಶದಲ್ಲಿ ಬೇರೇನೂ ಕಾಣಲಿಲ್ಲವೇ ಎಂದು ಜನ ನಗುತ್ತಿದ್ದರು. ಸೂರ ಇಪ್ಪತ್ತರ ಹರೆಯದಲ್ಲಿ ಮುಂಬೈಗೆ ಹೋದ. ಹೋಗುವಾಗ ಬೀಡಿ ತರಲು ಅಂಗಡಿಗೆ ಹೊರಟವನ ಹಾಗೆ, "ಈಗ್ ಬತ್ತೆ" ಎಂದಿದ್ದ. ಹೋಟೆಲಿನಲ್ಲಿ ಸ್ವಲ್ಪ ದಿನ ಇದ್ದನಂತೆ, ಆಮೇಲೆ ಯಾವುದೋ ಹಡಗಿನ ಅಡುಗೆಮನೆಗೆ ಸೇರಿದನಂತೆ. ಅಲ್ಲಿಂದಾಚೆ 'ಅಂತೆ' ಕೂಡ ಇಲ್ಲ.

ದಿನಕರ ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ ಸಣ್ಣ ಕ್ಯಾಂಟೀನು ಇಟ್ಟುಕೊಂಡಿದ್ದ. ಮುಂಬೈ ಬಸ್ಸು ಬಂದು ನಿಂತರೆ ಸಾಕು, ಸಟ್ಟುಗ ಕೈಯಲ್ಲೇ ಹಿಡಿದು ಹೊರಗೆ ಓಡುತ್ತಿದ್ದ. ಇಳಿಯುವವರ ಮುಖಗಳನ್ನೆಲ್ಲ ನೋಡಿ ಮುಗಿಸಿ ಒಳಗೆ ಬರುವಷ್ಟರಲ್ಲಿ ಕಾವಲಿಯ ಮೇಲಿನ ದೋಸೆ ಇದ್ದಿಲಾಗಿರುತ್ತಿತ್ತು. ಗಿರಾಕಿಗಳು ಬಯ್ಯುತ್ತಿರಲಿಲ್ಲ. ಆ ಹೊತ್ತಿಗೆ ಇಡ್ಲಿಯನ್ನೇ ಕೇಳುವುದನ್ನು ಕಲಿತಿದ್ದರು.

ಆ ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವುದಕ್ಕೂ ಕ್ಷಮಾ ಮನೆಯಿಂದ ಓಡಿ ಬರುವುದಕ್ಕೂ ಸರಿಹೋಯಿತು.

"ಅಪ್ಪಯ್ಯ, ಕೂತ್ಕಣಿ."

"ಇಡ್ಲಿ ಇಳ್ಸ್ಕ್ ಮಾರಾಯ್ತಿ."

"ಇಡ್ಲಿ ನಾ ಇಳಿಸ್ತೆ. ನೀವ್ ಕೂತ್ಕಣಿ."

ಅವನು ಅಕ್ಕಿ ಮೂಟೆಯ ಮೇಲೆ ಕೂತ. ಕ್ಷಮಾ ನಿಧಾನವಾಗಿ ಹೇಳಿದಳು. ಕೆನಡಾದ ಒಂದು ಸಣ್ಣ ಊರಿನ ಬಸ್‌ಸ್ಟಾಪಿನಲ್ಲಿ, ಎಷ್ಟೋ ವರ್ಷದ ಹಿಂದೆ, ಹಿಮ ಬೀಳುವ ಕಾಲದಲ್ಲಿ ಒಬ್ಬ ಗಂಡಸು ಕೂತಲ್ಲೇ ಸತ್ತಿದ್ದ. ಜೇಬಿನಲ್ಲಿ ಏನೂ ಇರಲಿಲ್ಲ. ಊರವರು ಮಣ್ಣು ಮಾಡಿ, ಕಲ್ಲಿನ ಮೇಲೆ 'ಹೆಸರು ಗೊತ್ತಿಲ್ಲ' ಎಂದು ಬರೆಸಿದ್ದರು. ಈಗ ಇಂಥ ಅನಾಮಿಕರ ಮನೆಯವರನ್ನು ಹುಡುಕುವ ಒಂದು ಗುಂಪು ಅವನ ಎಲುಬಿನಿಂದ ವಂಶದ ಗುರುತು ತೆಗೆಸಿ ಕಂಪ್ಯೂಟರಿಗೆ ಹಾಕಿತ್ತು. ಅದು ದಿನಕರನ ಎಂಜಲಿಗೆ ಹೊಂದಿ ಬಂದಿತ್ತು. ಒಂದೇ ಅಪ್ಪ, ಒಂದೇ ಅಮ್ಮ. ಆ ಗುಂಪಿನಲ್ಲಿ ಉಪ್ಪುಂದದಿಂದ ಮದುವೆಯಾಗಿ ಹೋದ ಮನೋರಮಾ ಎಂಬಾಕೆ ಇದ್ದಾಳೆ. ಇನ್ನೂ ಸ್ವಲ್ಪ ವಿಚಾರಿಸಿ ಸಂಜೆ ಅವಳೇ ಫೋನು ಮಾಡುತ್ತಾಳೆ.

ದಿನಕರ ಇಡ್ಲಿಯ ಹಬೆಗೆ ಅಂಗೈ ಒಡ್ಡಿದ.

"ಚಳಿಗಾ?" ಎಂದ.

"ಹೌದ್ ಅಂಬ್ರ್, ಅಪ್ಪಯ್ಯ."

"ಅವನ್ಹತ್ರ ಒಂದ್ ಸ್ವೆಟರೂ ಇರ್ಲಿಲ್ಲೆ ಮಗಾ," ಎಂದ, ಸೂರ ನಿನ್ನೆ ಮೊನ್ನೆ ಮನೆ ಬಿಟ್ಟವನೋ ಎಂಬಂತೆ.

ಇಷ್ಟನ್ನೂ ಕೇಳಿಸಿಕೊಂಡವಳು ಇಡ್ಲಿಗೆಂದು ಪಾತ್ರೆ ಹಿಡಿದು ಬಂದಿದ್ದ ನೆರೆಮನೆಯ ಸರಸ. ಅವಳು ಇಡ್ಲಿಯನ್ನೂ ಮರೆತು ಹೊರಟಳು. ಇಳಿಸಿದ ಇಡ್ಲಿ ಆರುವಷ್ಟರಲ್ಲಿ ಸುದ್ದಿ ದೇವಸ್ಥಾನದ ಕೆರೆಯನ್ನು ಒಂದು ಸುತ್ತು ಬಂದಿತ್ತು.

ಮೊದಲು ಬಂದವನು ಪಕ್ಕದ ಸೈಕಲ್ ಅಂಗಡಿಯ ಪದ್ದು. ಯಾರ ಮನೆಯಲ್ಲಿ ಯಾರು ಸತ್ತರೂ ಪದ್ದುವೇ ಯಜಮಾನ; ಸತ್ತವರ ಮನೆಯವರು ಅವನ ಅಪ್ಪಣೆ ಕೇಳಿ ಅಳಬೇಕು. ಅವನು ಬಂದವನೇ ಕ್ಯಾಂಟೀನಿನ ಶಟರು ಎಳೆದ. ಒಳಗೆ ದೋಸೆ ತಿನ್ನುತ್ತಿದ್ದ ಮೂವರು ಒಳಗೇ ಉಳಿದರು.

"ಹ್ವಾಯ್, ಸೂತಕದ ಮನೆ! ತಿಂಬುದ್ ನಿಲ್ಸಿ!" ಎಂದು ಕತ್ತಲಲ್ಲಿ ಕೂಗಿದ.

"ಚಟ್ನಿ ಮಾತ್ರ ಬಾಕಿ ಇತ್ತ್ ಪದ್ದಣ್ಣ," ಎಂದಿತು ಕತ್ತಲಿನೊಳಗಿಂದ ಒಂದು ದನಿ.

ಸಾಲಿಗ್ರಾಮದ ಪುರೋಹಿತರಿಗೆ ಫೋನು ಹೋಯಿತು. "ವರ್ಷ ಕಳ್ದ ಮೇಲೆ ಕೇಂಡ ಸಾವಿಗೆ ಒಂದ್ ಸ್ನಾನ ಸಾಕ್. ಉಳ್ದದ್ದೆಲ್ಲ ನಿಧಾನಕ್ಕೆ ಮಾಡುವ," ಎಂದರು ಅವರು. ಪದ್ದುವಿಗೆ ಇದು ಒಪ್ಪಿಗೆಯಾಗಲಿಲ್ಲ. ಇಷ್ಟು ದೊಡ್ಡ ಸಾವನ್ನು ಎರಡು ಚೊಂಬು ನೀರಿನಲ್ಲಿ ಮುಗಿಸಲು ಅವನಿಗೆ ಮನಸ್ಸು ಬರಲಿಲ್ಲ.

"ಅದ್ ಊರೊಳ್ಗಿನ ಲೆಕ್ಕ. ಕೆನಡಾ ಅಂದ್ರೆ ಎಂತ ಪಕ್ಕದ ತೆಕ್ಕಟ್ಟೆಯಾ? ತಲೆ ಬೋಳ್ಸ್ಕೇ ಬೋಳ್ಸ್ಕ್. ಒಬ್ನೇ ಅಣ್ಣ!"

'ಒಬ್ನೇ ಅಣ್ಣ' ಎಂಬ ಮಾತಿಗೆ ದಿನಕರ ತಲೆ ತಗ್ಗಿಸಿದ. ಅದನ್ನೇ ಒಪ್ಪಿಗೆಯೆಂದುಕೊಂಡು ಕ್ಷೌರದ ಶೀನ ಕತ್ತಿ ಮಸೆದ. ತಲೆಯ ಜೊತೆಗೆ ದಿನಕರ ಮದುವೆಗೂ ಮೊದಲಿನಿಂದ ಸಾಕಿದ್ದ ಪೊದೆ ಮೀಸೆಯೂ ಹೋಯಿತು. ಹೆಂಡತಿ ರತ್ನ ಕಾಫಿ ಹಿಡಿದು ಬಂದವಳು ಅಂಗಳದಲ್ಲಿ ಸುಲಿದ ತೆಂಗಿನಕಾಯಿಯಂತೆ ಕೂತಿದ್ದವನನ್ನು ನೋಡಿ, "ಯಾರ್ ಬಂದದ್ದ್?" ಎಂದು ಮಗಳನ್ನು ಕೇಳಿದಳು.

ಅಷ್ಟರಲ್ಲಿ ಪದ್ದುವಿಗೆ ಫ್ಲೆಕ್ಸಿನ ನೆನಪಾಯಿತು. ಶ್ರದ್ಧಾಂಜಲಿಯ ಫ್ಲೆಕ್ಸ್ ಇಲ್ಲದೆ ಈಗ ಯಾರು ಸಾಯುತ್ತಾರೆ? ಆದರೆ ಸೂರನ ಫೋಟೋ ಇದ್ದದ್ದು ಉಪನಯನದ್ದೊಂದೇ, ಲಂಗೋಟಿ ಉಟ್ಟದ್ದು. ಪದ್ದು ಹೆದರುವವನಲ್ಲ. ಮುಖಕ್ಕೆ ವಯಸ್ಸು ಮಾಡಿಸುವ ಆ್ಯಪ್ ಅವನ ಮೊಬೈಲಿನಲ್ಲಿತ್ತು. ಅದರಲ್ಲಿ ವಟುವನ್ನು ಹಾಕಿ ಎಳೆದೆಳೆದು ಮುದುಕನನ್ನು ತೆಗೆದ. ಮಧ್ಯಾಹ್ನದೊಳಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು.

ಊಟದ ಹೊತ್ತಿಗೆ ಪಂಚಾಯತ್ ಸದಸ್ಯ ಚೆನ್ನಯ್ಯ ಬೈಕಿನಲ್ಲಿ ಹಾರಿಬಂದ. ಮೊಬೈಲಿನ ವಯಸ್ಸು ಮಾಡುವ ಯಂತ್ರ ಎಲ್ಲಿಂದ ಎಲ್ಲಿಗೆ ಹೋಗಿತ್ತೋ, ಫ್ಲೆಕ್ಸಿನಲ್ಲಿದ್ದ ಮುಖ ಚೆನ್ನಯ್ಯನದೇ ಪಡಿಯಚ್ಚು.

"ಹ್ವಾಯ್, ನಂಗೆ ಶ್ರದ್ಧಾಂಜಲಿ ಹಾಕ್ದವ್ರ್ ಯಾರ್? ನನ್ ಹೆಂಡ್ತಿಗೆ ಆಗಿಂದ ಫೋನ್! ಒಬ್ಬ ಅಂತೂ ನನ್ ಸೀಟಿಗೆ ಯಾರ್ ನಿಂತ್ಕಂತ್ರ್ ಅಂತ ನನ್ ಹತ್ರವೇ ಕೇಂತಾ ಇದ್ದ!"

ತಪ್ಪು ಪದ್ದುವಿನದಾದರೂ ಬೈಗುಳ ತಿಂದದ್ದು ದಿನಕರ. ಬೈಯುತ್ತ ಬೈಯುತ್ತ ಚೆನ್ನಯ್ಯನ ಕಣ್ಣು ದಿನಕರನ ಬೋಳು ತಲೆಯ ಮೇಲೆ ಬಿತ್ತು. ಸೂರನ ಹೆಸರು ಕಿವಿಗೆ ಬಿತ್ತು. ಅವನು ಸೂರನ ಜೊತೆ ಕಬಡ್ಡಿ ಆಡಿದವನು. ತಟ್ಟನೆ ತಣ್ಣಗಾಗಿ, "ಸೂರ ಅಂದ್ರೆ... ನಮ್ಮ್ ಸೂರನಾ?" ಎಂದ. ಆಮೇಲೆ ತನ್ನ ಜೀಪು ತರಿಸಿ, ಪುರೋಹಿತರನ್ನೂ ಒಪ್ಪಿಸಿ ಹತ್ತಿಸಿಕೊಂಡು, ಎಲ್ಲರನ್ನೂ ಕೋಡಿಗೆ ಕರೆದುಕೊಂಡು ಹೋದ.

ಕೋಡಿಯಲ್ಲಿ ಹೊಳೆ ಸಮುದ್ರ ಸೇರುವ ಕಡೆ ದಿನಕರ ಮಿಂದು ಒದ್ದೆ ಪಂಚೆಯಲ್ಲಿ ನಿಂತ. ಅಂಗೈಯಲ್ಲಿ ಎಳ್ಳು, ನೀರು. ಪುರೋಹಿತರು ಗೋತ್ರ ಹೇಳಿಸಿದರು. ಸೂರ್ಯನಾರಾಯಣ ಎಂದು ಹೆಸರು ಹೇಳಿಸಿದರು. ಅದರ ಬೆನ್ನಿಗೆ 'ಪ್ರೇತ' ಎಂಬ ಶಬ್ದ ಬಂದಾಗ ದಿನಕರನ ನಾಲಗೆ ನಿಂತುಹೋಯಿತು.

ಈಜು ಕಲಿಸುತ್ತೇನೆಂದು ಸೂರ ಅವನನ್ನು ದೋಣಿಯಿಂದ ದೂಡಿದ್ದು ಇಲ್ಲಿಯೇ. ದೂಡಿದವನು, ತಮ್ಮ ಮುಳುಗುವ ಮೊದಲೇ ಹೆದರಿ ತಾನೂ ಹಾರಿದ್ದ. "ನೀ ಹೆದ್ರ್‌ಬೇಡ, ನಾ ಇಲ್ಲೇ ಇದ್ದೆ" ಎಂದು ಕಿವಿಯಲ್ಲಿ ಕೂಗುತ್ತಿದ್ದ. ತಮ್ಮನ ಹಿಡಿತಕ್ಕೆ ತಾನೇ ಮುಳುಗುತ್ತಿದ್ದ.

"ಹೇಳಿ ದಿನಕರಯ್ಯ," ಎಂದರು ಪುರೋಹಿತರು.

"ಬರೀ ಹೆಸ್ರ್ ಹೇಳಿರೆ ಸಾಕಾತಿಲ್ಯಾ?"

"ಸಾಕಾತಿಲ್ಲೆ."

ಅವನು ಕಣ್ಣು ಮುಚ್ಚಿ ಹೇಳಿದ. ಅದೇ ಹೊತ್ತಿಗೆ ಬಂದ ದೊಡ್ಡ ತೆರೆ ಎಳ್ಳನ್ನೂ, ದರ್ಭೆಯನ್ನೂ, ದಂಡೆಯಲ್ಲಿ ಉಪದೇಶ ಕೊಡುತ್ತ ನಿಂತಿದ್ದ ಪದ್ದುವಿನ ಹೊಸ ಚಪ್ಪಲಿಯನ್ನೂ ಒಟ್ಟಿಗೇ ಕೊಂಡುಹೋಯಿತು. ಅಷ್ಟು ದುಃಖದಲ್ಲೂ ದಿನಕರನಿಗೆ ಒಂದು ಸಮಾಧಾನವಾಯಿತು. ಇನ್ನು ಮುಂಬೈ ಬಸ್ಸಿನ ಹಿಂದೆ ಓಡಬೇಕಾಗಿಲ್ಲ. ಕಲ್ಲಿನ ಮೇಲೆ ಅಣ್ಣನ ಹೆಸರೊಂದು ಬಂದುಬಿಟ್ಟರೆ, ಎಷ್ಟು ದೂರವಾದರೂ, ಅವನು ಇಲ್ಲಿದ್ದಾನೆ ಎಂದು ಹೇಳಲು ಒಂದು ಜಾಗವಾಗುತ್ತದೆ.

ಸಂಜೆ ಫೋನು ಬಂದಾಗ ಜಗಲಿ ತುಂಬ ಜನ. ಕ್ಷಮಾ ಸ್ಪೀಕರ್ ಹಾಕಿ ಅಪ್ಪನ ಮುಂದೆ ಹಿಡಿದಳು. ಮನೋರಮಾಳ ದನಿಯಲ್ಲಿ ಸಂಭ್ರಮವಿತ್ತು.

"ಒಳ್ಳೆ ಸುದ್ದಿ ಇತ್ತ್ ಮಾರಾಯ್ರೆ! ಹೆಸ್ರ್ ಸಿಕ್ಕಿತ್. ನಿಮ್ಮದ್ ಕೋಟೇಶ್ವರ ಅಂತ ಗೊತ್ತಾದ್ ಮೇಲೆ ಇಲ್ಲಿಪ್ಪ ನಮ್ಮ ಊರವ್ರಿಗೆಲ್ಲ ಸತ್ತವ್ರದ್ದ್ ಆಗ ತೆಗ್ದಿಟ್ಟ ಮುಖದ ಚಿತ್ರ ಕಳ್ಸಿದೆ. ಬೈಂದೂರಿನ ಮಂಜಣ್ಣ ಅಂತ ಒಬ್ರ್ ಹಿರಿಯರ್ ಗುರ್ತ್ ಹಿಡ್ದ್ರ್. ಹಡಗಿನಲ್ಲಿ ಒಟ್ಟಿಗೆ ಅಡಿಗೆ ಮಾಡ್ತಿದ್ರಂಬ್ರ್. ಇವ ನಮ್ಮ್ ದಿನಕರ ಅಂತ ಹೇಳಿ ಅತ್ತೇ ಬಿಟ್ರ್."

ಜಗಲಿಯ ಜನವೆಲ್ಲ ಒಟ್ಟಿಗೇ ದಿನಕರನ ಕಡೆ ತಿರುಗಿದರು.

"ಯಾರ್ ಅಂದ್ರಿ?" ಎಂದ ದಿನಕರ.

"ದಿನಕರ. ಹತ್ತನೇ ಕ್ಲಾಸ್ ಪಾಸಾದವ್ರಿಗೆ ಮಾತ್ರ ಹಡಗಿನ ಕೆಲ್ಸ ಅಂತಿತ್ತಂಬ್ರ್ ಆಗ. ಎಲ್ಲ ಕಾಗ್ದ ಆ ಹೆಸ್ರಿನದ್ದೇ."

ಸೂರ ಹತ್ತನೇ ಕ್ಲಾಸಿನಲ್ಲಿ ಫೇಲಾಗಿದ್ದ. ಪಾಸಾದವನು ದಿನಕರ. ಅಣ್ಣ ಹೊರಟ ವರ್ಷ ತನ್ನ ಅಂಕಪಟ್ಟಿ ಪೆಟ್ಟಿಗೆಯಲ್ಲಿ ಸಿಗದೆ, ಗೆದ್ದಲು ತಿಂದಿತೆಂದು ಅಮ್ಮ ಅಟ್ಟವನ್ನೆಲ್ಲ ಗುಡಿಸಿದ್ದು ಅವನಿಗೆ ಈಗ ನೆನಪಾಯಿತು. ಬ್ಯಾಂಕಿನ ಕೆಲಸಕ್ಕೆ ಅರ್ಜಿ ಹಾಕಲಾಗದೆ ಅವನು ದೋಸೆ ಕಾವಲಿ ಹಿಡಿದದ್ದು ಆ ವರ್ಷವೇ.

ಮನೋರಮಾ ಹೇಳುತ್ತಲೇ ಇದ್ದಳು. "ಊರಲ್ಲಿ ಒಬ್ಬ ತಮ್ಮ ಇದ್ದ, ಸೂರ ಅಂತ ಹೆಸ್ರ್, ದೇವ್ರಂಥವ, ಅವ್ನಿಗೆ ಒಂದ್ ಅನ್ಯಾಯ ಮಾಡಿ ಬಂದಿದ್ದೆ, ಯಾವ ಮುಖ ಇಟ್ಕಂಡ್ ಹೋಪುದ್ ಅಂತಿದ್ರಂಬ್ರ್. ದಿನಾ ಆ ತಮ್ಮನ ಸುದ್ದಿಯೇ ಅಂಬ್ರ್."

"ಕೇಂಡಿದ್ರೆ ನಾನೇ ಕೊಡ್ತಿದ್ದೆ," ಎಂದ ದಿನಕರ, ಯಾರಿಗೂ ಕೇಳಿಸದ ಹಾಗೆ.

"ಇಲ್ಲಿಯವ್ರ್ ಕಲ್ಲಿನ ಮೇಲೆ ಹೆಸ್ರ್ ಕೆತ್ಸುಕೆ ಒಪ್ಪಿದ್ರ್. ದಿನಕರ ಅಂತ. ತಮ್ಮ ಸೂರ ಒಂದ್ ಮಾತ್ ಹೌದ್ ಅಂದ್ರೆ ಮುಗೀತ್. ಕಂಪ್ಯೂಟರಲ್ಲಿ ಬರೀ 'ಕ್ಷಮಾಳ ಅಪ್ಪ' ಅಂತಿತ್ತ್. ನೀವೇ ಅಲ್ದಾ ಸೂರ?"

ಪದ್ದುವಿಗೆ ತಡೆಯಲಾಗಲಿಲ್ಲ. "ಅಲ್ಲ ಮಾರಾಯ್ರೆ, ದಿನಕರ ಸಾಯ್ಲೇ ಇಲ್ಲೆ, ಇಲ್ಲೇ..." ಎನ್ನುವಷ್ಟರಲ್ಲಿ ರತ್ನ ಕೈಗೆ ಸಿಕ್ಕಿದ ಬಾಳೆಹಣ್ಣನ್ನು ಅವನ ಬಾಯಿಗೆ ತುರುಕಿದಳು. ಕ್ಷಮಾ ಫೋನಿಗೆ ಅಂಗೈ ಮುಚ್ಚಿ ಪಿಸುಗುಟ್ಟಿದಳು:

"ಅಪ್ಪಯ್ಯ, ಹೌದ್ ಅಂದ್ರೆ ಅಲ್ಲಿ ಸತ್ತವ್ರ್ ನೀವ್ ಅಂತ ಆತ್ತ್. ಅಲ್ಲ ಅಂದ್ರೆ ಸುಳ್ಳ್ ಹೆಸ್ರಿನದ್ದ್ ತನಿಖೆ ಶುರು ಆತ್ತ್. ಮತ್ತೆಷ್ಟ್ ವರ್ಷ ದೊಡ್ಡಪ್ಪಯ್ಯ ಹೆಸ್ರಿಲ್ದೆ ಬಿದ್ಕಂಡಿಪ್ಪುದೋ."

ದಿನಕರ ಮೀಸೆಯಿಲ್ಲದ ತುಟಿಯ ಮೇಲೆ ಕೈಯಾಡಿಸಿಕೊಂಡ. ಅಣ್ಣನನ್ನು ಹುಡುಕಿ ಒಂದು ಕಲ್ಲಿಗೆ ಸೂರನೆಂದು ಬರೆಸಬೇಕೆಂದಿದ್ದ; ಈಗ ಆ ಕಲ್ಲಿಗೂ ಬಂದದ್ದು ತನ್ನ ಹೆಸರೇ. ಅಷ್ಟು ದೂರದಲ್ಲಿ, ಆ ಚಳಿಯಲ್ಲಿ, ಯಾರಾದರೂ ದಿನಕರ ಎಂದು ಕರೆದಾಗೆಲ್ಲ ಅಣ್ಣ ತಿರುಗಿ ನೋಡುತ್ತಿದ್ದನಲ್ಲ ಎಂದುಕೊಂಡ. ಮಗಳ ಕೈಯಿಂದ ಫೋನು ತೆಗೆದುಕೊಂಡ.

"ಹೌದ್. ನಾನ್ ಸೂರನೇ ಮಾತಾಡುದ್. ನಮ್ಮ್ ದಿನಕರನ ಹೆಸ್ರ್ ಸಮಾ ಕೆತ್ಸಿ ಅಮ್ಮಾ, ಮಳೆಗೆ ಹಿಮಕ್ಕೆ ಅಳಿಯದ ಹಾಂಗೆ." ಅಷ್ಟು ಹೇಳುವಷ್ಟರಲ್ಲಿ ದನಿ ಒಡೆಯಿತು.

"ಅಳ್ಬೇಡಿ, ಸೂರಣ್ಣ," ಎಂದಿತು ಆಚೆಯ ದನಿ. "ಸೂರಣ್ಣ... ಕೇಂತಾ? ಹ್ವಾಯ್, ಸೂರಣ್ಣ?"

ಆ ಮನೆಯ ಜಗಲಿಯಲ್ಲಿ ಯಾರೂ ಆ ಹೆಸರು ಹಿಡಿದು ಕರೆಯದೆ ಎಷ್ಟೋ ವರ್ಷವಾಗಿತ್ತು.

"ಓ," ಎಂದ ದಿನಕರ.