ಪರತಾಲ್ಲೂಕಿನ ಬಿಯರಿನಲ್ಲಿ ನಮ್ಮೂರ ರಸಬಾಳೆ

ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದು ಸರಿಯಾದ ಜಾಗ ಬೇಕು ಸ್ವಾಮಿ. ಮನೆಯಲ್ಲಿ ಬಂದರೆ ತಟ್ಟೆ ಸರಿಸಿ ಎದ್ದು ಹೋಗಬಹುದು. ತಾಲ್ಲೂಕು ಕಚೇರಿಯಲ್ಲಿ ಬಂದರೆ ಅಲ್ಲಿ ನುಂಗಿಕೊಂಡು, ಎದುರಿನ ಟೀ ಅಂಗಡಿಗೆ ಬಂದು ಕಾರಿಕೊಳ್ಳಬಹುದು. ಆದರೆ ನಾವು ಇರಲೇಬಾರದ ಜಾಗದಲ್ಲಿ ಇದ್ದಾಗ, ನೂರಕ್ಕೆ ನೂರು ನ್ಯಾಯವಾದ ಸಿಟ್ಟು ನೆತ್ತಿಗೇರಿದರೆ ಏನು ಮಾಡಬೇಕು? ಐವತ್ತಾರು ವರ್ಷ ಬದುಕಿದರೂ ನನಗೆ ಇದಕ್ಕೆ ಉತ್ತರ ಸಿಕ್ಕಿಲ್ಲ. ಮೊನ್ನೆಯೊಂದು ಭಾನುವಾರ ಮಧ್ಯಾಹ್ನ, ತಿ. ನರಸೀಪುರದಾಚೆಯ ಒಂದು ರೆಸಾರ್ಟಿನಲ್ಲಿ, ಕೈಯಲ್ಲಿ ಬಿಯರ್ ಲೋಟ ಹಿಡಿದುಕೊಂಡು ನಾನು ಸಿಟ್ಟಿನಿಂದ ಕೂಗಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನಾನು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ನಂಜನಗೂಡಿನ ಬಜಾರಿನಲ್ಲಿ ನನ್ನದೊಂದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇದೆ. ಹೆಡತಲೆಯಲ್ಲಿ ಎರಡೆಕರೆ ಬಾಳೆತೋಟ ಇದೆ; ಅದನ್ನು ನೋಡಿಕೊಳ್ಳುವವಳು ನನ್ನ ಹೆಂಡತಿ ಮಂಗಳ. ಇದೆಲ್ಲಕ್ಕಿಂತ ದೊಡ್ಡದು, ನಾನು ನಮ್ಮ ರಸಬಾಳೆ ಬೆಳೆಗಾರರ ಸಂಘದ ಕಾರ್ಯದರ್ಶಿ. ನಂಜನಗೂಡು ರಸಬಾಳೆ ಎಂದರೆ ಸುಮ್ಮನೆ ಅಲ್ಲ. ಮನೆಯಲ್ಲಿ ಒಂದು ಚಿಪ್ಪು ಹಣ್ಣಾದರೆ ಅಕ್ಕಪಕ್ಕದವರು ಏನೋ ನೆಪ ಮಾಡಿಕೊಂಡು ಒಳಗೆ ಬರುತ್ತಾರೆ, ಅಂಥ ಘಮಲು. ಆ ಗಿಡಗಳಿಗೆ ಸೊರಗು ರೋಗ ಹತ್ತಿಕೊಂಡ ಮೇಲೆ ನಿಜವಾದ ಹಣ್ಣು ಅಪರೂಪವಾಯಿತು. ಕಂಡಕಂಡ ಬಾಳೆಗೆಲ್ಲ ಅದರ ಹೆಸರು ಅಂಟಿಸಿ ಮಾರುವವರು ಹೆಚ್ಚಾದರು. ನಮ್ಮಪ್ಪ ಸಾಯುವ ಮುಂಚೆ ನನಗೆ ಹೇಳಿದ್ದು ಒಂದೇ ಮಾತು: 'ಹಣ್ಣು ಓದ್ರೂ ಓಗ್ಲಿ ಕಣ್ಲಾ, ಹೆಸ್ರು ಕೆಡಬಾರ್ದು.' ಆ ಹೆಸರನ್ನು ಕಾಯುವುದಕ್ಕೆ ಅಂತಲೇ ನಾನು ಹತ್ತು ವರ್ಷದಿಂದ ಸಭೆ, ಭಾಷಣ, ಮನವಿಪತ್ರ ಎಂದು ಚಪ್ಪಲಿ ಸವೆಸುತ್ತಿದ್ದೇನೆ.

ಇಂಥ ಮನುಷ್ಯ ಬಿಯರ್ ಮೇಳಕ್ಕೆ ಯಾಕೆ ಹೋದ ಎಂದು ನೀವು ಕೇಳುತ್ತೀರಿ. ಕೇಳಿ, ತಪ್ಪಿಲ್ಲ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಅಂಗಡಿಯಲ್ಲಿ ಕೂರುವವನೇ ಆದರೂ, ವರ್ಷಕ್ಕೆ ಮೂರು ಮತ್ತೊಂದು ಸಲ ಒಂದು ಲೋಟ ಬಿಯರ್ ಕುಡಿಯುವ ಚಪಲ ನನಗಿದೆ. ನಮ್ಮ ಕಡೆ ಇದಕ್ಕೊಂದು ಕಟ್ಟಳೆ ಉಂಟು. ನಂಜನಗೂಡಿನ ಮರ್ಯಾದಸ್ಥರು ನಂಜನಗೂಡಿನಲ್ಲಿ ಕುಡಿಯುವುದಿಲ್ಲ, ನರಸೀಪುರದ ಬಸ್ಸು ಹತ್ತುತ್ತಾರೆ. ನರಸೀಪುರದ ಮರ್ಯಾದಸ್ಥರು ನಂಜನಗೂಡಿನ ಬಸ್ಸು ಹತ್ತುತ್ತಾರೆ. ತಾಲ್ಲೂಕಿನ ಗಡಿ ದಾಟಿದ ಕೂಡಲೇ ಮನುಷ್ಯನ ಗುರುತು ಅಳಿಸಿಹೋಗುತ್ತದೆ ಎನ್ನುವುದು ಎರಡೂ ಕಡೆಯವರು ಒಪ್ಪಿಕೊಂಡ ವಿಷಯ. ಅಲ್ಲಿ ನಮ್ಮೂರಿನವರು ಎದುರಿಗೆ ಸಿಕ್ಕರೂ ನಮಸ್ಕಾರ ಹೊಡೆಯುವಂತಿಲ್ಲ, ಮಾತಾಡಿಸುವಂತಿಲ್ಲ, ಮಾರನೆಯ ದಿನ ಊರಲ್ಲಿ ಆ ವಿಷಯ ಎತ್ತುವಂತಂತೂ ಇಲ್ಲವೇ ಇಲ್ಲ. ಈ ಕಟ್ಟಳೆ ಮುರಿದವನನ್ನು ನಾನು ಇದುವರೆಗೂ ಕಂಡಿಲ್ಲ.

ಮೇಳದ ಸುದ್ದಿ ತಂದವನು ನಮ್ಮ ಸಿದ್ದರಾಜು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ನನಗಿಂತ ಹತ್ತು ವರ್ಷ ಚಿಕ್ಕವನು. ಎರಡು ಪಾಸು ತಂದು ಅಂಗಡಿಯ ಮೂಟೆಗಳ ಮರೆಯಲ್ಲಿ ಪಿಸುಗುಟ್ಟಿದ. 'ಅಣ್ಣ, ಇದು ಕುಡಿಯೋದಲ್ಲ ಕಣಣ್ಣ. ರುಚಿ ನೋಡೋದು. ಅವರೇ ಕೈಯಾರ ಮಾಡಿರೋ ಬಿಯರ್ರು. ಒಂದ್ತರಾ ಎಜುಕೇಸನ್ನು ಅಂತ ಇಟ್ಕಳಿ.' ಶಿಕ್ಷಣ ಅಂದ ಮೇಲೆ ಬೇಡ ಅನ್ನುವುದಕ್ಕಾಗುತ್ತದೆಯೇ? ಮಂಗಳಳಿಗೆ ಬಾಳೆಯ ಮೌಲ್ಯವರ್ಧನೆ ಬಗ್ಗೆ ಕಾರ್ಯಾಗಾರ ಇದೆ ಎಂದು ಹೇಳಿ ಹೊರಟೆ. ಬಸ್ಸು ಗಡಿ ದಾಟುತ್ತಿದ್ದ ಹಾಗೆ ಸಿದ್ದರಾಜು ಹಣೆ ತೋರಿಸಿ ಸನ್ನೆ ಮಾಡಿದ. ಕರ್ಚೀಫಿನಿಂದ ವಿಭೂತಿ ಒರೆಸಿಕೊಂಡೆ. ಒಳಗೊಳಗೇ ತಪ್ಪಾಯಿತು ತಂದೆ ಎಂದುಕೊಂಡೆನಾದರೂ ಬಸ್ಸಿನಿಂದ ಇಳಿಯಲಿಲ್ಲ.

ಹೊಳೆ ದಂಡೆಯ ಹುಲ್ಲಿನ ಮೇಲೆ ಶಾಮಿಯಾನ ಹಾಕಿದ್ದರು. ಬಾಗಿಲಲ್ಲೇ ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಿ, ಕೈಗೊಂದು ಚೀಟಿ ಕೊಟ್ಟರು. ಪ್ರತಿಯೊಂದು ಬಿಯರಿಗೂ ಬಣ್ಣಕ್ಕಿಷ್ಟು, ವಾಸನೆಗಿಷ್ಟು, ರುಚಿಗಿಷ್ಟು ಎಂದು ಅಂಕ ಹಾಕಬೇಕಂತೆ. ಒಳಗೆ ಹೋಗಿ ನೋಡಿದರೆ ಅರ್ಧ ನಂಜನಗೂಡೇ ಅಲ್ಲಿದೆ! ಇಪ್ಪತ್ತು ವರ್ಷದಿಂದ ನನ್ನ ಅಂಗಿ ಹೊಲಿಯುವ ಟೈಲರು ನನ್ನನ್ನು ಕಂಡು ಶಾಮಿಯಾನದ ಗಂಟು ಪರೀಕ್ಷಿಸತೊಡಗಿದ. ವಿಮೆ ಏಜೆಂಟು ಹೊಳೆ ಕಡೆ ತಿರುಗಿ ನಿಂತ. ನಾನೂ ಕಟ್ಟಳೆಯಂತೆ ಯಾರನ್ನೂ ನೋಡದೆ ಮುಂದೆ ನಡೆದೆ. ಸುರಿದು ಕೊಡುವ ಲೋಟ ನೋಡಿದಾಗಲೇ ನನಗೆ ಮೊದಲ ಸಿಟ್ಟು ಬಂದದ್ದು. ಮಗುವಿಗೆ ಹೊಟ್ಟೆನೋವಿನ ಔಷಧ ಕುಡಿಸುವಷ್ಟು ಬಿಯರು! ಅದನ್ನೂ ಗಟಗಟನೆ ಕುಡಿಯುವಂತಿಲ್ಲ. ಮೊದಲು ಬೆಳಕಿಗೆ ಹಿಡಿ, ಆಮೇಲೆ ಅಲ್ಲಾಡಿಸು, ಮೂಸು, ನಾಲಿಗೆಯ ಮೇಲೆ ಒಂದು ಸುತ್ತು ಹಾಕಿಸು. ಅಷ್ಟೆಲ್ಲ ಮಾಡುವ ಹೊತ್ತಿಗೆ ನನ್ನ ಲೋಟದಲ್ಲಿ ಉಳಿದದ್ದು ನೊರೆ. ಗೋಧಿಯಲ್ಲಿ ಮಾಡಿದ ಬಿಯರೊಂದನ್ನು ಮೂಸಿದರೆ ಬಾಳೆಹಣ್ಣಿನ ವಾಸನೆ! ಯಾವ ಬಾಳೆ ಹಾಕಿದ್ದೀರಪ್ಪ ಎಂದು ಕೇಳಿದೆ. ಸುರಿಯುತ್ತಿದ್ದವನು, 'ಬಾಳೆ ಹಾಕಿಲ್ಲ ಸರ್, ಹುದುಗುವಾಗ ತಾನಾಗೇ ಬರುತ್ತೆ' ಎಂದ. ಬಾಳೆಯನ್ನೇ ಹಾಕದೆ ಬಾಳೆ ವಾಸನೆ ಬರಿಸುವ ಕಾಲ ಬಂತೇ ಎಂದು ನನಗೆ ಹೊಟ್ಟೆ ಉರಿದುಹೋಯಿತು. ವಾಸನೆಗೆ ಸೊನ್ನೆ ಹಾಕಿದೆ.

ಪಕ್ಕದ ಮಳಿಗೆಗೆ ಹೋದರೆ ಅಲ್ಲಿ ದೊಡ್ಡ ಬೋರ್ಡು: 'ನಂಜನಗೂಡು ರಸಬಾಳೆ ಬಿಯರ್'. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹೆಮ್ಮೆಯೋ ಹೆದರಿಕೆಯೋ ತಿಳಿಯಲಿಲ್ಲ. ಕೀರ್ತನಾ ಎನ್ನುವ ಮೈಸೂರಿನ ಹುಡುಗಿಯೊಬ್ಬಳು ಅದನ್ನು ತಯಾರಿಸಿದವಳು. ನಗುನಗುತ್ತಾ ಒಂದು ಲೋಟ ಕೊಟ್ಟಳು. ಬೆಳಕಿಗೆ ಹಿಡಿದೆ, ಮೂಸಿದೆ, ಬಾಯಿಗೆ ಹಾಕಿದೆ. ಪಚ್ಚಬಾಳೆ! ಕಂಡಕಂಡ ತಾಲ್ಲೂಕಿನಲ್ಲೆಲ್ಲ ಬೆಳೆಯುವ, ಆಸ್ಪತ್ರೆಗೆ ರೋಗಿ ನೋಡಲು ಹೋಗುವವರು ಕೊಂಡೊಯ್ಯುವ ಪಚ್ಚಬಾಳೆ! ನಂಬಿಕೆಯಾಗದೆ ಇನ್ನೊಂದು ಲೋಟ ಕುಡಿದೆ. ಸಂಶಯವೇ ಇಲ್ಲದಿರಲಿ ಎಂದು ಮೂರನೆಯದನ್ನೂ ಕುಡಿದೆ. ಆಮೇಲೆ ನನ್ನ ಗಂಟಲು ನನ್ನ ಮಾತು ಕೇಳಲಿಲ್ಲ. 'ಇದು ರಸಬಾಳೆ ಅಲ್ಲ!' ಎಂದು ಕೂಗಿಯೇಬಿಟ್ಟೆ.

ಇಡೀ ಶಾಮಿಯಾನ ತಿರುಗಿ ನೋಡಿತು. ಹುಡುಗಿ ಗಾಬರಿಯಾದರೂ ಮರ್ಯಾದೆ ಬಿಡಲಿಲ್ಲ. 'ಯಾಕೆ ಸರ್ ಹಾಗಂತೀರಿ?'

'ಯಾಕೆ ಅಂದರೆ? ನಾಲಿಗೆ ಇದೆಯಮ್ಮ ನನಗೆ! ಊರಿನ ಹೆಸರು ಹಾಕ್ಕೊಂಡು ಯಾವುದೋ ಹಣ್ಣು ಹಿಂಡಿದ್ದೀಯಲ್ಲ, ನಿನಗೆ ಒಂಚೂರಾದರೂ ಭಯ ಬೇಡವಾ? ನೀನು ಹಣ್ಣು ಕಣ್ಣಿಂದ ನೋಡಿದ್ದೀಯಾ?'

'ಹಣ್ಣು ನೋಡಿಲ್ಲ ಸರ್, ಮೈಸೂರಲ್ಲಿ ತಿರುಳು ಮಾಡಿಸಿ ತರಿಸಿದ್ದು. ಆದರೆ ಸುಮ್ಮಸುಮ್ಮನೆ ತಗೊಂಡಿಲ್ಲ' ಎಂದು ಆಕೆ ಫೈಲಿನಿಂದ ಒಂದು ಕಾಗದ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. 'ನೋಡಿ. ಬೆಳೆಗಾರರ ಸಂಘದ ದೃಢೀಕರಣ ಪತ್ರ. ಕಾರ್ಯದರ್ಶಿಗಳ ಸಹಿ, ಸೀಲು ಎರಡೂ ಇದೆ.'

ಇತ್ತು. ನನ್ನದೇ ಸಹಿ. ಹೀಗಾಗುತ್ತದೆ ನೋಡಿ: ಸದಸ್ಯರು ಪತ್ರ ಬೇಕೆಂದು ಬರುವ ಹೊತ್ತಿಗೆ ನಾನು ಅಂಗಡಿಯಲ್ಲಿರುತ್ತೇನೆ. ಅವರನ್ನು ಅಲೆದಾಡಿಸಬಾರದು ಅಂತ ಖಾಲಿ ಪತ್ರಗಳ ಪುಸ್ತಕಕ್ಕೆ ಪುಸ್ತಕವೇ ಮುಂಚಿತವಾಗಿ ಸಹಿ ಮಾಡಿ, ಸೀಲು ಒತ್ತಿ, ಸಂಘದ ಗುಮಾಸ್ತ ಬಸವಣ್ಣನ ಕೈಗೆ ಕೊಟ್ಟಿರುತ್ತೇನೆ. ಅವನು ಬೆಳೆಗಾರರ ಹೆಸರು ತುಂಬಿಸಿ ಹರಿದು ಕೊಡುತ್ತಾನೆ. ನಮ್ಮ ಕಡೆ ಎಷ್ಟೋ ಕಡೆ ನಡೆಯುವ ಕ್ರಮವೇ ಇದು. ಯಾವ ಬೇಜವಾಬ್ದಾರಿ ರೈತ ನಮ್ಮ ಹೆಸರು ಕೆಡಿಸಿದ ಎಂದು ಹಲ್ಲು ಕಡಿಯುತ್ತಾ ಕೆಳಗಿನ ಸಾಲು ಓದಿದೆ. ಬೆಳೆಗಾರರು: ಶ್ರೀಮತಿ ಮಂಗಳಮ್ಮ, ಹೆಡತಲೆ.

ನನ್ನ ಹೆಂಡತಿ! ಅವಳನ್ನು ಅಲ್ಲಿ ಬೈಯುವಂತಿಲ್ಲ, ಹುಡುಗಿಯನ್ನು ಬೈಯಲು ಕಾರಣವೇ ಉಳಿದಿಲ್ಲ. ಉಕ್ಕಿ ಬಂದ ಸಿಟ್ಟು ಒಳಗೆ ಹೋಗಲೂ ಒಪ್ಪುತ್ತಿಲ್ಲ. ಅಷ್ಟರಲ್ಲಿ ಆಕೆ, 'ಕಾರ್ಯದರ್ಶಿಗಳಿಗಿಂತ ಜಾಸ್ತಿ ಗೊತ್ತಾ ನಿಮಗೆ? ಯಾರು ಸರ್ ನೀವು?' ಎಂದು ಕೇಳಿದಳು. ಯಾರೆಂದು ಹೇಳಲಿ? ಟೈಲರ್ ಆಕಾಶ ನೋಡುತ್ತಿದ್ದ. ಏಜೆಂಟು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಸಿದ್ದರಾಜುವಿನ ಕಡೆ ತಿರುಗಿದರೆ ಆ ಮಹಾನುಭಾವ, 'ನಂಗೂ ಗೊತ್ತಿಲ್ಲಮ್ಮ, ಬಸ್ಸಲ್ಲಿ ಪಕ್ಕದಲ್ಲಿ ಕೂತಿದ್ರು ಅಷ್ಟೇಯ' ಎಂದುಬಿಟ್ಟ. ಕಟ್ಟಳೆ ಪಾಲಿಸುವುದು ಅಂದರೆ ಹೀಗೆ. ಉಳಿದವನು ಒಬ್ಬನೇ, ಕಾರ್ಯದರ್ಶಿ. ಅವನ ಮೇಲೆ ಹರಿಹಾಯ್ದೆ.

'ಯಾವನಮ್ಮ ಆ ಕಾರ್ಯದರ್ಶಿ? ಕಣ್ಣು ಮುಚ್ಚಿಕೊಂಡು ಸಹಿ ಗೀಚುವವನು! ತೋಟಕ್ಕೆ ಹೋಗಲ್ಲ, ಹಣ್ಣು ನೋಡಲ್ಲ, ಊರೂರಲ್ಲಿ ನಿಂತು ಭಾಷಣ ಬಿಗೀತಾನೆ. ಅವನೊಬ್ಬ ನಾಲಾಯಕ್ಕು!'

ಹುಡುಗಿಯ ಮುಖ ಕೆಂಪಾಯಿತು. 'ನೋಡ್ರೀ, ನಾನು ಅವರನ್ನ ಕಂಡೋಳಲ್ಲ. ಆದರೆ ಆ ಹಣ್ಣಿಗೋಸ್ಕರ ಇಷ್ಟು ವರ್ಷ ಓಡಾಡಿರೋರು ಅವರೊಬ್ಬರೇ ಅಂತ ಎಲ್ಲರೂ ಹೇಳ್ತಾರೆ ಕಣ್ರೀ. ಅವರ ಮೇಲಿನ ನಂಬಿಕೆಯಿಂದಲೇ ನಾನು ಇದಕ್ಕೆ ಕೈಹಾಕಿದ್ದು. ಕುಡಿದು ಬಂದು ಅಂಥ ದೊಡ್ಡ ಮನುಷ್ಯರನ್ನ ಬಯ್ಯೋಕೆ ನಾಚಿಕೆ ಆಗಲ್ವಾ ನಿಮಗೆ? ಧೈರ್ಯ ಇದ್ದರೆ ಚೀಟಿ ಮೇಲೆ ಬರೆದುಕೊಡಿ.' ಹೊಗಳಿಸಿಕೊಂಡವನೂ ನಾನೇ, ಉಗಿಸಿಕೊಂಡವನೂ ನಾನೇ. ಸಿಟ್ಟಿನ ಭರದಲ್ಲಿ ಪೆನ್ನು ಕಿತ್ತುಕೊಂಡು, ಇದು ಪಚ್ಚಬಾಳೆ, ದೃಢೀಕರಿಸಿದ ಕಾರ್ಯದರ್ಶಿ ಆ ಕುರ್ಚಿಗೆ ನಾಲಾಯಕ್ಕು ಎಂದು ದೊಡ್ಡಕ್ಷರದಲ್ಲಿ ಬರೆದು ಅವಳ ಮುಂದೆ ಇಟ್ಟು ಬಂದೆ. ಬಸ್ಸಿನಲ್ಲಿ ಸಿದ್ದರಾಜುವಿನ ಪಕ್ಕ ಕೂರಲಿಲ್ಲ.

ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯದೆ ನೇರ ತೋಟಕ್ಕೆ ಹೋದೆ. ಎಷ್ಟು ತಿಂಗಳಾಗಿತ್ತೋ ಅಲ್ಲಿಗೆ ಹೋಗಿ. ಸಾಲಿಗೆ ಸಾಲೇ ಪಚ್ಚಬಾಳೆ ಗೊನೆ ಹೊತ್ತು ನಿಂತಿತ್ತು. 'ರಸಬಾಳೆ ಎಲ್ಲಿ?' ಎಂದೆ. ಮಂಗಳ ಕುಡುಗೋಲು ಕೆಳಗಿಟ್ಟು ನನ್ನನ್ನೇ ನೋಡಿದಳು.

'ಸೊರಗಿ ಹೋದ್ವು ಕಣ್ರೀ, ಹೋದೊರ್ಸವೇ. ಕಿತ್ತಾಕಿಸಿ ಇದ್ನ ನಾಟಿ ಮಾಡಿಸ್ದೆ.'

'ನನಗೆ ಒಂದು ಮಾತು ಹೇಳೋದಲ್ಲವಾ?'

'ಹೇಳ್ದೆ. ಹಜಾರದಲ್ಲಿ ರಸಬಾಳೆ ಉಳಿಸಿ ಅಂತ ಭಾಷಣ ಬರೀತಾ ಕೂತಿದ್ರಿ. ಹೂಂ ಅಂದ್ರಿ. ಇನ್ನೊಂದಪ ಹೇಳ್ದೆ, ಅದ್ಕೂ ಹೂಂ ಅಂದ್ರಿ. ಅಳ್ತಾ ನಿಂತಿದ್ದೆ, ಅದೂ ಕಾಣ್ನಿಲ್ಲ ನಿಮ್ಗೆ. ಗೊನೆ ಒಯ್ಯಕ್ಕೆ ಟೆಂಪೋದವನು ಬಂದಾಗ್ಲೂ ಪಚ್ಚಬಾಳೆ ಕಣಪ್ಪ ಅಂತ್ಲೇ ಹೇಳಿ ಕಳಿಸ್ದೆ.'

ಮದುವೆಯಾಗಿ ಬಂದ ವರ್ಷ ನಮ್ಮಪ್ಪನ ಜೊತೆ ನಿಂತು ಆ ರಸಬಾಳೆ ಕಂದುಗಳನ್ನು ನೆಟ್ಟವಳು ಅವಳು. ಅವು ಸಾಯುವುದನ್ನು ಒಬ್ಬಳೇ ನೋಡಿದ್ದಾಳೆ. ನಾನು ಹಜಾರದಲ್ಲಿ ಕೂತು ಅವನ್ನು ಕಾಪಾಡುತ್ತಿದ್ದೆ. ನಾಚಿಕೆಯಾಯಿತು. ನಾಚಿಕೆಯನ್ನು ಅಲ್ಲೇ ತೋರಿಸದೆ ಸಂಘದ ಕಚೇರಿಗೆ ಹೋಗಿ ಬಸವಣ್ಣನ ಮೇಲೆ ಕೂಗಾಡಿದೆ. ಅವನು ತಣ್ಣಗೆ ಹೇಳಿದ: 'ಪತ್ರ ಕೇಳ್ಕಂಡು ಬಂದ ಟೆಂಪೋದವನು ಮಂಗಳಮ್ಮೋರ ತೋಟದ್ದು ಅಂದ ಸಾ. ನಮ್ ಸೆಕ್ರೆಟ್ರಿ ತೋಟದಲ್ಲಿ ರಸಬಾಳೆ ಅಲ್ದೆ ಇನ್ನೇನ್ ಬೆಳ್ದಾರು? ಅದ್ರಲ್ಲೂ ಫಾರಂನಲ್ಲಿ ರಸಬಾಳೆ ಅಂತ್ಲೇ ಪ್ರಿಂಟಾಗ್ಯದೆ. ನಾನು ಹೆಸ್ರು ಮಾತ್ರ ಬರ್ದೆ.' ಅವನನ್ನು ಬೈಯಲೂ ದಾರಿ ಇರಲಿಲ್ಲ. ಎಲ್ಲರೂ ಸತ್ಯವನ್ನೇ ಹೇಳಿದ್ದಾರೆ. ಸುಳ್ಳು ಹೇಳಿದ್ದು ನನ್ನ ಸಹಿ ಒಂದೇ.

ಗುರುವಾರ ಸಂಘಕ್ಕೆ ರಿಜಿಸ್ಟರ್ಡ್ ಅಂಚೆ ಬಂತು. ಒಳಗೆ ನಾನು ಬರೆದ ಚೀಟಿ, ಜೊತೆಗೆ ಕೀರ್ತನಾಳ ಪತ್ರ. ಕುಡಿದಿದ್ದ ಒಬ್ಬ ವ್ಯಕ್ತಿ ಮೇಳದಲ್ಲಿ ಕಾರ್ಯದರ್ಶಿಗಳಾದ ತಮ್ಮನ್ನು ಹೀನಾಯವಾಗಿ ನಿಂದಿಸಿದ್ದಾನೆ, ಅವನ ಮಾತನ್ನು ನಾನು ನಂಬುವುದಿಲ್ಲ, ಆದರೂ ಜನರಿಗೆ ಸುಳ್ಳು ಹೇಳಿ ಮಾರಲು ನನಗೆ ಮನಸ್ಸಿಲ್ಲ, ದಯವಿಟ್ಟು ವಿಚಾರಣೆ ಮಾಡಿ ತಿಳಿಸಿ ಎಂದು ಬರೆದಿದ್ದಳು. ಬಸವಣ್ಣ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, 'ಈ ಅಕ್ಸರ ಎಲ್ಲೋ ನೋಡ್ದಂಗದೆ ಸಾ' ಎಂದ. ಅವನನ್ನು ಟೀ ತರಲು ಕಳಿಸಿದೆ.

ಒಂದು ಗಂಟೆ ಆ ಕಾಗದದ ಮುಂದೆ ಕೂತೆ. ದೂರು ಸುಳ್ಳು ಎಂದು ಒಂದು ಸಾಲು ಬರೆದರೆ ಕಾರ್ಯದರ್ಶಿಯ ಮಾನ ಉಳಿಯುತ್ತಿತ್ತು. ಆ ಹುಡುಗಿ ನಂಬುತ್ತಿದ್ದಳು ಕೂಡ. ನಂಬುತ್ತಾಳೆ ಎನ್ನುವುದೇ ತಡೆಯಲಾರದ ಸಂಕಟವಾಯಿತು. ಕೊನೆಗೆ ಸಂಘದ ಲೆಟರ್‌ಹೆಡ್ ತೆಗೆದು ಬರೆದೆ. 'ತಮ್ಮ ಪತ್ರ ತಲುಪಿತು. ಸ್ಥಳ ಪರಿಶೀಲನೆ ನಡೆಸಲಾಗಿ, ಸದರಿ ಹಣ್ಣು ಪಚ್ಚಬಾಳೆಯೇ ಎಂದು ಕಂಡುಬಂದಿದೆ. ದಯಮಾಡಿ ಬೋರ್ಡಿನಿಂದ ರಸಬಾಳೆಯ ಹೆಸರು ತೆಗೆಯತಕ್ಕದ್ದು. ಇದರಲ್ಲಿ ತಮ್ಮದಾಗಲಿ ಬೆಳೆಗಾರರದಾಗಲಿ ಯಾವ ತಪ್ಪೂ ಇರುವುದಿಲ್ಲ. ಕಾರ್ಯದರ್ಶಿಯು ಹಣ್ಣನ್ನು ನೋಡದೆ ಸಹಿ ಮಾಡಿರುವುದು ನಿಜ. ಅವನು ನಾಲಾಯಕ್ಕು ಎಂಬ ಆರೋಪವೂ ವಿಚಾರಣೆಯಿಂದ ರುಜುವಾತಾಗಿದೆ.' ಎರಡು ಸಲ ಓದಿದೆ. ಎದೆ ಹಗುರಾಯಿತು, ಕಣ್ಣೂ ಸ್ವಲ್ಪ ಒದ್ದೆಯಾಯಿತು. ಇಷ್ಟು ಪ್ರಾಮಾಣಿಕವಾದ ಪತ್ರವನ್ನು ನಮ್ಮ ಸಂಘ ಹಿಂದೆಂದೂ ಬರೆದಿರಲಿಲ್ಲ. ಸಹಿ ಹಾಕಲು ಪೆನ್ನು ಊರಿದವನು, ಬಾಗಿಲ ಕಡೆ ಒಮ್ಮೆ ನೋಡಿ, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಚೀಟಿ ಬರೆದ ದೂರುದಾರರು ಯಾರೆಂಬುದು ಮಾತ್ರ, ಎಷ್ಟೇ ವಿಚಾರಿಸಿದರೂ ಪತ್ತೆಯಾಗಿರುವುದಿಲ್ಲ.'